ಮೊದಲ ಮಹಾಯುದ್ಧದ ಆಸ್ಟ್ರೇಲಿಯನ್ ಕಾಲಾಳು: ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಟ್ರೇಲಿಯದ ಸಣ್ಣ ಪುಟ್ಟ ಊರುಗಳಲ್ಲೂ ಪೇಟೆ ನಡುವೆ ಒಂದು ಯುದ್ಧಸ್ಮಾರಕ, ಅದರ ಮೇಲೆ ಹೆಸರುಗಳ ಸಾಲು ಕಾಣುತ್ತದೆ. ಅಲ್ಲಿ ನೆಲೆಸಿದ ಕನ್ನಡ ಮನೆಗಳ ಮಕ್ಕಳು ಅಂಥ ಒಂದು ಹೆಸರನ್ನು ಹಿಡಿದು ಹುಡುಕಲು ಕೂತಾಗ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಪದಕ ಗೆದ್ದ ವೀರರ ಬಗ್ಗೆ ಓದಲು ಬೇಕಾದಷ್ಟು ಸಿಗುತ್ತದೆ. ಈ ಪುಟ ಸಾಮಾನ್ಯ ಸಿಪಾಯಿಯದು.

ಇವರನ್ನು ಬಲವಂತದಿಂದ ಸೇರಿಸಿಕೊಂಡರೆ?

ಇಲ್ಲ. ಆಸ್ಟ್ರೇಲಿಯನ್ ಇಂಪೀರಿಯಲ್ ಫೋರ್ಸ್, ಅಂದರೆ ಎ.ಐ.ಎಫ್., ಯುದ್ಧದ ಕೊನೆಯವರೆಗೂ ಸ್ವಯಂಪ್ರೇರಣೆಯಿಂದ ಬಂದವರ ಸೈನ್ಯವಾಗಿಯೇ ಉಳಿಯಿತು. ಕಡ್ಡಾಯ ಸೇವೆ ತರಬೇಕೆ ಎಂದು ಸರ್ಕಾರ 1916ರ ಅಕ್ಟೋಬರ್ 28ರಂದು, ಮತ್ತೆ 1917ರ ಡಿಸೆಂಬರ್ 20ರಂದು ಜನರ ಮತ ಕೇಳಿತು. ಎರಡು ಸಲವೂ ಜನ ಬೇಡವೆಂದರು. 50 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ದೇಶದಿಂದ 4,16,000ಕ್ಕೂ ಹೆಚ್ಚು ಮಂದಿ ಸೇರಿದರು. ಸುಮಾರು 3,30,000 ಮಂದಿ ಸಮುದ್ರ ದಾಟಿದರು, 60,000ಕ್ಕೂ ಹೆಚ್ಚು ಮಂದಿ ಸತ್ತರು.

ಸೇರಲು ಏನು ಅರ್ಹತೆ ಬೇಕಿತ್ತು?

1914ರಲ್ಲಿ ವಯಸ್ಸು 19ರಿಂದ 38, ಎತ್ತರ ಕನಿಷ್ಠ 5 ಅಡಿ 6 ಅಂಗುಲ, ಎದೆಯಳತೆ 34 ಅಂಗುಲ ಇರಬೇಕಿತ್ತು. ಸಾವುನೋವು ಏರಿದಂತೆ ಅಳತೆ ಇಳಿಯಿತು. 1915ರ ಜೂನ್‌ನಲ್ಲಿ ವಯಸ್ಸು 18ರಿಂದ 45ಕ್ಕೆ, ಎತ್ತರ 5 ಅಡಿ 2 ಅಂಗುಲಕ್ಕೆ ಬಂತು. 1917ರ ಏಪ್ರಿಲ್‌ನಲ್ಲಿ 5 ಅಡಿಯೇ ಸಾಕು ಎಂದಾಯಿತು. ಹಾಗಾಗಿ ಒಬ್ಬ ಮೊದಲು ತಿರಸ್ಕೃತನಾಗಿ ಆಮೇಲೆ ಸೇರಿದ್ದರೆ ಅದರಲ್ಲಿ ಅಚ್ಚರಿಯಿಲ್ಲ. ಬದಲಾದದ್ದು ನಿಯಮ, ಅವನ ಮೈಕಟ್ಟಲ್ಲ.

21 ತುಂಬದವನಿಗೆ ತಂದೆತಾಯಿಯ ಒಪ್ಪಿಗೆ ಪತ್ರ ಬೇಕಿತ್ತು. ಅದಕ್ಕಾಗಿ ವಯಸ್ಸು ಸುಳ್ಳು ಹೇಳಿದವರು ಬಹಳ, ಹೆಸರನ್ನೇ ಬದಲಿಸಿ ಸೇರಿದವರೂ ಇದ್ದರು. ಹೆಸರು ಹುಡುಕಿ ಸಿಗದಿದ್ದರೆ ತಾಯಿಯ ತವರಿನ ಮನೆತನದ ಹೆಸರಿನಲ್ಲಿ ಹುಡುಕಿ ನೋಡಿ. ಯುರೋಪಿಯನ್ ಮೂಲದವರಲ್ಲದವರನ್ನು ಕಾನೂನು ಹೊರಗಿಟ್ಟಿತ್ತು. ಆದರೂ ಆ ನೆಲದ ಮೂಲನಿವಾಸಿಗಳು ಬೇರೆ ಮೂಲ ಹೇಳಿಕೊಂಡೋ, ನೇಮಕಾತಿ ಅಧಿಕಾರಿ ಕಂಡೂ ಕಾಣದಂತಿದ್ದುದರಿಂದಲೋ ಸೇರಿದರು. 1917ರಲ್ಲಿ ನಿಯಮ ಸಡಿಲವಾಗಿ, ತಂದೆತಾಯಿಯಲ್ಲಿ ಒಬ್ಬರು ಯುರೋಪಿಯನ್ ಆಗಿದ್ದರೆ ಸೇರಿಸಿಕೊಳ್ಳಬಹುದು ಎಂದಾಯಿತು. ಮತದ ಹಕ್ಕೂ ಸರಿಯಾಗಿ ಸಿಗದ ದೇಶಕ್ಕಾಗಿ ಅವರು ಹೋದರು ಎಂಬುದನ್ನು ಶಾಲೆಯ ಬರಹದಲ್ಲಿ ಬಿಡಬೇಡಿ.

ಎಷ್ಟು ಕಾಲದ ಒಪ್ಪಂದ? ಎಷ್ಟು ಸಂಬಳ?

ಪ್ರಮಾಣವಚನದಲ್ಲಿ ಯುದ್ಧ ಮುಗಿಯುವವರೆಗೆ ಮತ್ತು ಆಮೇಲೆ 4 ತಿಂಗಳು ಎಂದಿತ್ತು. ಸಾಮಾನ್ಯ ಸಿಪಾಯಿಗೆ ದಿನಕ್ಕೆ 6 ಶಿಲ್ಲಿಂಗ್. ಅದರಲ್ಲಿ 1 ಶಿಲ್ಲಿಂಗನ್ನು ಸರ್ಕಾರ ಹಿಡಿದಿಟ್ಟು ಬಿಡುಗಡೆಯ ದಿನ ಒಟ್ಟಿಗೆ ಕೊಡುತ್ತಿತ್ತು. ಉಳಿದ 5ರಲ್ಲಿ ಹೆಂಡತಿಗೋ ತಾಯಿಗೋ ಇಂತಿಷ್ಟು ಎಂದು ಬರೆದುಕೊಟ್ಟರೆ ಅದು ಊರಲ್ಲೇ ಅವರ ಕೈ ಸೇರುತ್ತಿತ್ತು. ಯುದ್ಧ ಶುರುವಾದಾಗ ಬ್ರಿಟಿಷ್ ಸಿಪಾಯಿಗೆ ದಿನಕ್ಕೆ 1 ಶಿಲ್ಲಿಂಗ್ ಮಾತ್ರ ಇದ್ದುದರಿಂದ ಇವರ ಜೇಬಿನ ಮೇಲೆ ಎಲ್ಲರ ಕಣ್ಣು.

ಒಂದೇ ಸೇವಾ ಸಂಖ್ಯೆ ಇಬ್ಬರಿಗೆ ಇದೆ. ಕಡತ ತಪ್ಪಾಗಿದೆಯೆ?

ತಪ್ಪಲ್ಲ. ಬೆಟಾಲಿಯನ್ನುಗಳು ತಮ್ಮ ತಮ್ಮ ಲೆಕ್ಕ 1ರಿಂದ ಶುರುಮಾಡಿದವು. ಆದ್ದರಿಂದ 250ನೇ ಸಂಖ್ಯೆಯವರು ಹಲವರಿರುತ್ತಾರೆ. ವರ್ಗವಾಗಿ ಹೋದಲ್ಲಿ ಅದೇ ಸಂಖ್ಯೆಯವನು ಆಗಲೇ ಇದ್ದರೆ ಕೊನೆಗೆ ‘ಎ’ ಅಥವಾ ‘ಬಿ’ ಅಕ್ಷರ ಸೇರಿಸುತ್ತಿದ್ದರು. ಹೆಸರು, ಸಂಖ್ಯೆ, ಬೆಟಾಲಿಯನ್ ಮೂರೂ ಹೊಂದಿದರೆ ಮಾತ್ರ ಅವನೇ ಇವನು ಎನ್ನಿ.

ಬೆಟಾಲಿಯನ್ ಎಂದರೆ ಎಷ್ಟು ಜನ? ಫೋಟೋದಲ್ಲಿ ಅದನ್ನು ಗುರುತಿಸುವುದು ಹೇಗೆ?

ಕಾಗದದ ಮೇಲೆ ಸುಮಾರು 1,000 ಜನ. 4 ಕಂಪನಿ, ಕಂಪನಿಗೆ 4 ಪ್ಲಟೂನು, ಪ್ಲಟೂನಿಗೆ 4 ಸೆಕ್ಷನ್ನು. 4 ಬೆಟಾಲಿಯನ್ ಸೇರಿ ಬ್ರಿಗೇಡ್, 3 ಬ್ರಿಗೇಡ್ ಸೇರಿ ಡಿವಿಷನ್. ಒಟ್ಟು 5 ಡಿವಿಷನ್, 60 ಬೆಟಾಲಿಯನ್. 1918ರ ಹೊತ್ತಿಗೆ ಹೊಸಬರು ಬರುವುದು ಕಡಿಮೆಯಾಗಿ ಎಷ್ಟೋ ಬೆಟಾಲಿಯನ್ನುಗಳು ಮೂರರಲ್ಲೊಂದು ಪಾಲಿಗೆ ಇಳಿದಿದ್ದವು. ಕೆಲವನ್ನು ವಿಸರ್ಜಿಸಿ ಬೇರೆಯವುಗಳಿಗೆ ಸೇರಿಸಲು ಆ ಸೆಪ್ಟೆಂಬರ್‌ನಲ್ಲಿ ಆಜ್ಞೆ ಬಂದಾಗ ಸಿಪಾಯಿಗಳು ಒಪ್ಪದೆ ನಿಂತರು. ಶತ್ರುವಿನ ಮೇಲೆ ಹೋಗು ಎಂದರೆ ಹೋಗುತ್ತೇವೆ, ಬೆಟಾಲಿಯನ್ ಬಿಡು ಎಂದರೆ ಬಿಡೆವು ಎಂಬುದು ಅವರ ನಿಲುವು. ಆ ಸಂಖ್ಯೆ ಅವರಿಗೆ ಮನೆಯ ಹೆಸರಿನಂತಾಗಿತ್ತು.

ಫೋಟೋದಲ್ಲಿ ತೋಳಿನ ಮೇಲ್ಭಾಗದ ಬಟ್ಟೆಯ ತುಣುಕು ನೋಡಿ. ಆಕಾರ ಡಿವಿಷನ್ನನ್ನು ಹೇಳುತ್ತದೆ: 1ನೆಯದು ಅಡ್ಡ ಆಯತ, 2 ವಜ್ರದಾಕಾರ, 3 ಮೊಟ್ಟೆಯಾಕಾರ, 4 ವೃತ್ತ, 5 ನಿಂತ ಆಯತ. 1ನೇ ಡಿವಿಷನ್ನಿನಲ್ಲಿ ಕೆಳಗಿನ ಬಣ್ಣ ಬ್ರಿಗೇಡಿನದು, ಮೇಲಿನದು ಬೆಟಾಲಿಯನ್ನಿನದು. ಹಸಿರಿನ ಮೇಲೆ ಕಪ್ಪಿದ್ದರೆ 1ನೇ ಬೆಟಾಲಿಯನ್, ಹಸಿರಿನ ಮೇಲೆ ನೇರಳೆಯಿದ್ದರೆ 2ನೆಯದು. ಕಪ್ಪುಬಿಳುಪು ಚಿತ್ರದಲ್ಲಿ ಬಣ್ಣ ಊಹಿಸಲು ಹೋಗಬೇಡಿ. ಆಗಿನ ಫಿಲ್ಮಿಗೆ ಕೆಂಪು ಬಹುತೇಕ ಕಪ್ಪಾಗಿಯೂ ನೀಲಿ ತೆಳುವಾಗಿಯೂ ಕಾಣುತ್ತಿತ್ತು. ಆಕಾರವನ್ನಷ್ಟೇ ನಂಬಿ.

ಗಲ್ಲಿಪೋಲಿಯಲ್ಲಿದ್ದನೆ ಎಂದು ತಿಳಿಯುವುದು ಹೇಗೆ?

ಸೇರಿದ ವರ್ಷ 1915 ಎಂದಾಕ್ಷಣ ಗಲ್ಲಿಪೋಲಿ ಎಂದು ಬರೆದುಬಿಡುವುದು ಬಹಳ ಸಾಮಾನ್ಯ ತಪ್ಪು. ಟರ್ಕಿಯ ಗಲ್ಲಿಪೋಲಿಯ ಮೇಲೆ ದಾಳಿ ಶುರುವಾದದ್ದು 1915ರ ಏಪ್ರಿಲ್ 25ರಂದು, ಆಸ್ಟ್ರೇಲಿಯನ್ನರು ಇಳಿದ ಆಂಜಾಕ್ ತೀರದಿಂದ ಕೊನೆಯವರು ಹೊರಟದ್ದು ಡಿಸೆಂಬರ್ 20ರ ಬೆಳಗಿನ ಜಾವ. ಆಸ್ಟ್ರೇಲಿಯದಿಂದ ಈಜಿಪ್ಟಿಗೇ ಹಡಗಿನಲ್ಲಿ ತಿಂಗಳಿಗೂ ಹೆಚ್ಚು ಹಿಡಿಯುತ್ತಿತ್ತು, ಅದಕ್ಕೆ ಮುಂಚೆ ಊರಲ್ಲಿ ತರಬೇತಿ. 1915ರ ಸೆಪ್ಟೆಂಬರ್ ನಂತರ ಸೇರಿದವನು ಅಲ್ಲಿಗೆ ಮುಟ್ಟುವ ಸಾಧ್ಯತೆ ತೀರಾ ಕಡಿಮೆ. 1914–15 ಸ್ಟಾರ್ ಪದಕ ಇದ್ದರೂ ಸಾಲದು. ಆ ಡಿಸೆಂಬರ್ 31ರೊಳಗೆ ಈಜಿಪ್ಟಿನಂಥ ಯುದ್ಧವಲಯಕ್ಕೆ ಕಾಲಿಟ್ಟವನಿಗೂ ಅದು ಸಿಕ್ಕಿದೆ. ಕಡತದಲ್ಲಿ ‘ಗಲ್ಲಿಪೋಲಿ’ ಎಂದೋ ‘ಎಂ.ಇ.ಎಫ್. (ಗಲ್ಲಿಪೋಲಿಯಲ್ಲಿ ಕಾದಿದ ಪಡೆ) ಸೇರಲು ಹೊರಟ’ ಎಂದೋ ತಾರೀಖಿನೊಂದಿಗೆ ಬರೆದಿರಬೇಕು. ತೋಳಿನ ತುಣುಕಿನ ಮೇಲೆ ಹಿತ್ತಾಳೆಯ ‘ಎ’ ಅಕ್ಷರವಿದ್ದರೆ ಅದು ಗಲ್ಲಿಪೋಲಿ ಸೇವೆಯ ಗುರುತು. 1917ರ ಕೊನೆಯಿಂದ ಅದನ್ನು ಧರಿಸತೊಡಗಿದರು.

1916ರಲ್ಲಿ ಅವನ ಬೆಟಾಲಿಯನ್ ದಿಢೀರನೆ ಬದಲಾಗಿದೆ. ಶಿಕ್ಷೆಯೆ?

ಅಲ್ಲ. 1916ರ ಫೆಬ್ರವರಿ, ಮಾರ್ಚ್‌ನಲ್ಲಿ ಈಜಿಪ್ಟಿನಲ್ಲಿ ಸೈನ್ಯವನ್ನು ಇಮ್ಮಡಿ ಮಾಡಿದರು. 1ರಿಂದ 16ರವರೆಗಿನ ಹಳೆಯ ಬೆಟಾಲಿಯನ್ನುಗಳನ್ನು ಸೀಳಿ, ಅರ್ಧ ಜನರನ್ನು 45ರಿಂದ 60ರವರೆಗಿನ ಹೊಸವಕ್ಕೆ ಕಳಿಸಿ, ಎರಡೂ ಕಡೆ ಹೊಸಬರನ್ನು ತುಂಬಿದರು. 1ನೆಯದರಿಂದ 53, 9ನೆಯದರಿಂದ 49, 16ನೆಯದರಿಂದ 48 ಹುಟ್ಟಿತು.

ಮೈಮೇಲೆ ಏನೇನು ಹೊರುತ್ತಿದ್ದ?

ಮುಖ್ಯವಾದದ್ದು .303 ಲೀ-ಎನ್‌ಫೀಲ್ಡ್ ರೈಫಲ್. ಸುಮಾರು 3.9 ಕೆಜಿ, 10 ಗುಂಡಿನ ಮ್ಯಾಗಜೀನ್, 17 ಅಂಗುಲ ಅಲಗಿನ ಬಯೋನೆಟ್. ಆಸ್ಟ್ರೇಲಿಯದ ಲಿತ್ಗೋ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಇದೇ ರೈಫಲ್ ಬಂಗಾಳದ ಈಶಾಪುರದಲ್ಲೂ ಆಗುತ್ತಿತ್ತು, ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಂಡ ಬಂದೂಕಿನ ಬಳಗವೇ ಇದು. ಗುಂಡುಗಳು ಐದೈದರ ಕ್ಲಿಪ್ಪಿನಲ್ಲಿ ಬರುತ್ತಿದ್ದವು. ಈ ಗುಂಡಿನ ಬುಡಕ್ಕೆ ಅಂಚುಪಟ್ಟಿ ಇದೆ. ಮ್ಯಾಗಜೀನಿನಲ್ಲಿ ಮೇಲಿನ ಗುಂಡಿನ ಅಂಚು ಕೆಳಗಿನದರ ಮುಂದೆ ಕೂರಬೇಕು. ಹಿಂದೆ ಕೂತರೆ ಒಂದಕ್ಕೊಂದು ಕೊಕ್ಕೆಯಾಗಿ ಬೋಲ್ಟ್ ತಳ್ಳಿದಾಗ ಸಿಕ್ಕಿಕೊಳ್ಳುತ್ತದೆ. ಕತ್ತಲಲ್ಲಿ, ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಇದು ಆಗುತ್ತಿತ್ತು.

ಅದಕ್ಕಿಂತ ದೊಡ್ಡ ಪೀಡೆ ಕೆಸರು. ಬೋಲ್ಟಿಗೆ ಕೆಸರು ಮೆತ್ತಿದರೆ ತಿರುಗದು, ನಳಿಕೆಯ ಬಾಯಿಗೆ ಮಣ್ಣು ಕಟ್ಟಿದಾಗ ಹಾರಿಸಿದರೆ ನಳಿಕೆ ಉಬ್ಬಿ ಒಡೆಯುತ್ತದೆ. ಆದ್ದರಿಂದ ಬೋಲ್ಟಿನ ಸುತ್ತ ಕ್ಯಾನ್ವಾಸ್ ಹೊದಿಕೆ ಕಟ್ಟುತ್ತಿದ್ದರು. ಬಂದೂಕಿನ ಹಿಡಿಯ ಒಳಗಿನ ಗೂಡಿನಲ್ಲಿ ಎಣ್ಣೆ ಸೀಸೆ, ತುದಿಗೆ ತೂಕ ಕಟ್ಟಿದ ಹುರಿ ಇರುತ್ತಿತ್ತು. 4 ಅಂಗುಲಕ್ಕೆ 2 ಅಂಗುಲದ ಫ್ಲಾನೆಲ್ ಚೂರನ್ನು ಹುರಿಗೆ ಸಿಕ್ಕಿಸಿ, ತೂಕವನ್ನು ಬೋಲ್ಟಿನ ಕಡೆಯಿಂದ ಇಳಿಬಿಟ್ಟು ಬಾಯಿಯ ಕಡೆಗೆ ಎಳೆಯಬೇಕು. ದಿನವೂ.

ಇದರ ಜೊತೆಗೆ ನೂರಕ್ಕೂ ಹೆಚ್ಚು ಗುಂಡು, ನೀರಿನ ಬಾಟಲಿ, ಅಗೆಯುವ ಸಣ್ಣ ಸಲಿಕೆ, ಊಟದ ಡಬ್ಬಿ, ದೊಡ್ಡ ಕೋಟು, ಹೊದಿಕೆ, 1916ರಿಂದ ಉಕ್ಕಿನ ಟೋಪಿ ಮತ್ತು ಅನಿಲದ ಮುಖವಾಡ. ಪೂರ್ತಿ ಹೊರೆ 27 ಕೆಜಿ ಮೀರುತ್ತಿತ್ತು. ದಾಳಿಗೆ ಹೋಗುವಾಗ ದೊಡ್ಡ ಚೀಲ ಹಿಂದೆ ಬಿಟ್ಟರೂ ಮಿಲ್ಸ್ ಬಾಂಬು ಎಂಬ ಕೈಬಾಂಬು, ಖಾಲಿ ಮರಳುಚೀಲ, ಹೆಚ್ಚುವರಿ ಗುಂಡು ಸೇರಿ ಭಾರ ಅಷ್ಟೇನೂ ಇಳಿಯುತ್ತಿರಲಿಲ್ಲ. ಲೂಯಿಸ್ ಗನ್ ಎಂಬ ಹಗುರ ಮೆಷಿನ್ ಗನ್ ಹೊತ್ತವನಿಗೆ ಅದೊಂದೇ 12.7 ಕೆಜಿ.

ಕಂದಕದಲ್ಲಿ ದಿನ ಹೇಗೆ ಕಳೆಯುತ್ತಿತ್ತು?

ಮೊದಲಿಗೆ, ಯಾರೂ ವರ್ಷವಿಡೀ ಮುಂಚೂಣಿಯಲ್ಲಿರಲಿಲ್ಲ. ಕೆಲವು ದಿನ ಮುಂಚೂಣಿ, ಕೆಲವು ದಿನ ಅದರ ಹಿಂದಿನ ಸಾಲು, ಆಮೇಲೆ ಇನ್ನೂ ಹಿಂದಿನ ಹಳ್ಳಿಯ ಕೊಟ್ಟಿಗೆ. ಮುಂಚೂಣಿಯಲ್ಲಿ ಬೆಳಕು ಹರಿಯುವ ಮುಂಚೆ ಎಲ್ಲರೂ ಬಯೋನೆಟ್ ಸಿಕ್ಕಿಸಿಕೊಂಡು ಮೆಟ್ಟಿಲೇರಿ ನಿಲ್ಲಬೇಕು, ಏಕೆಂದರೆ ದಾಳಿಗಳು ಆ ಹೊತ್ತಿಗೇ ಬರುತ್ತಿದ್ದವು. ಸಂಜೆ ಮತ್ತೆ ಹಾಗೆಯೇ. ಹಗಲು ಬಂದೂಕು ತಪಾಸಣೆ, ಬಿಸ್ಕತ್ತು, ಡಬ್ಬಿಯ ಗೋಮಾಂಸ, ಜಾಮ್, ಚಹಾ, ಸಿಕ್ಕಷ್ಟು ನಿದ್ದೆ. ನಿಜವಾದ ದುಡಿಮೆ ರಾತ್ರಿಯದು: ಮುಳ್ಳುತಂತಿ ಕಟ್ಟುವುದು, ಅಗೆಯುವುದು, ಗಸ್ತು, ಹಿಂದಿನಿಂದ ಸಾಮಾನು ಹೊರುವುದು. ನೀರು ಪೆಟ್ರೋಲ್ ಡಬ್ಬಿಗಳಲ್ಲಿ ಬರುತ್ತಿತ್ತು, ಸರಿಯಾಗಿ ತೊಳೆಯದ ಡಬ್ಬಿಯಾದರೆ ಚಹಾಕ್ಕೂ ಪೆಟ್ರೋಲಿನ ವಾಸನೆ.

‘ಟ್ರೆಂಚ್ ಫೀಟ್’ ಎಂದು ಬರೆದಿದೆ. ಏನದು?

ಒದ್ದೆ, ಚಳಿ ಮತ್ತು ಬಿಗಿ ಸೇರಿ ಕಾಲಿನ ರಕ್ತ ಸಂಚಾರ ನಿಂತು ಬರುವ ಬೇನೆ. ಮೊದಲು ಜೋಮು, ಆಮೇಲೆ ಊತ, ಬೂಟು ಬಿಚ್ಚಿದರೆ ಮತ್ತೆ ತೊಡಲಾಗದು. ಮಿತಿಮೀರಿದರೆ ಕೊಳೆತು ಬೆರಳು ಕತ್ತರಿಸಬೇಕಾಗುತ್ತಿತ್ತು. 1916–17ರಲ್ಲಿ ಫ್ರಾನ್ಸಿನ ಸೊಮ್ ಪ್ರದೇಶದ ಚಳಿಗಾಲದಲ್ಲಿ, ಫ್ಲೇರ್ಸ್ ಮತ್ತು ಗೆಡೆಕೂರ್ ಸುತ್ತಿನ ಕೆಸರಿನಲ್ಲಿ ಇದು ಆಸ್ಟ್ರೇಲಿಯನ್ನರನ್ನು ಗುಂಡಿನಂತೆಯೇ ಕೆಡವಿತು. ಮೊಣಕಾಲಿನ ಕೆಳಗೆ ಬಿಗಿಯಾಗಿ ಸುತ್ತುವ ಬಟ್ಟೆಪಟ್ಟಿ ಒದ್ದೆಯಾದಾಗ ಕಾಲನ್ನು ಮತ್ತಷ್ಟು ಹಿಚುಕುತ್ತಿತ್ತು.

ಮದ್ದಿಗಿಂತ ಶಿಸ್ತು ಮುಖ್ಯವಾಗಿತ್ತು. ದಿನಕ್ಕೊಮ್ಮೆಯಾದರೂ ಬೂಟು ಬಿಚ್ಚಿ, ಒರೆಸಿ, ತಿಮಿಂಗಿಲದ ಎಣ್ಣೆ ಹಚ್ಚಿ ತಿಕ್ಕಿ, ಒಣ ಕಾಲುಚೀಲ ತೊಡಬೇಕು. ಒಬ್ಬನ ಕಾಲನ್ನು ಇನ್ನೊಬ್ಬ ತಿಕ್ಕುವಂತೆ ಜೋಡಿ ಮಾಡಿದ್ದರು, ತಾನೇ ಮಾಡಿಕೊಳ್ಳಲಿ ಎಂದರೆ ದಣಿದವನು ಬಿಟ್ಟುಬಿಡುತ್ತಾನೆ. ಒಣ ಕಾಲುಚೀಲಗಳು ರಾತ್ರಿ ಊಟದ ಜೊತೆ ಬರುತ್ತಿದ್ದವು. ಊಟ ಹೊತ್ತವರು ಶೆಲ್ಲಿಗೆ ಸಿಕ್ಕ ರಾತ್ರಿ ಅವೂ ಇಲ್ಲ.

‘ಪಿ.ಯು.ಓ.’ ಎಂದರೆ?

ಕಾರಣ ತಿಳಿಯದ ಜ್ವರ. ಬಹಳ ಸಲ ಅದು ಟ್ರೆಂಚ್ ಜ್ವರ. ಕೂರೆಯಿಂದ ಹರಡುತ್ತದೆ ಎಂದು 1918ರಲ್ಲಿ ಸಾಬೀತಾಯಿತು. ಅಂಗಿಯ ಹೊಲಿಗೆಗಳಲ್ಲಿ ಕೂರೆ ಮೊಟ್ಟೆಯಿಡುವುದರಿಂದ ಮೋಂಬತ್ತಿಯ ಉರಿಯನ್ನು ಹೊಲಿಗೆಯುದ್ದಕ್ಕೂ ಆಡಿಸುತ್ತಿದ್ದರು.

ವಿಷಾನಿಲ ಬಂದಾಗ ಏನು ಮಾಡುತ್ತಿದ್ದ?

ಮುಖವಾಡದ ಚೀಲ ಎದೆಯ ಮೇಲೆ ತೆರೆದೇ ಇರಬೇಕು. ಗಂಟೆಯೋ ಹಾರ್ನೋ ಕೇಳಿದೊಡನೆ ಮೊದಲು ಉಸಿರು ಹಿಡಿಯಬೇಕು. ಇನ್ನೊಂದು ಉಸಿರೆಳೆದು ಆಮೇಲೆ ತೊಡುವೆ ಎಂದವನು ಅಲ್ಲೇ ಕೆಟ್ಟ. ಟೋಪಿ ತೆಗೆದು, ಗದ್ದ ಮೊದಲು ಒಳಗಿಟ್ಟು, ಪಟ್ಟಿಗಳನ್ನು ತಲೆಯ ಹಿಂದಕ್ಕೆ ಎಳೆದು, ರಬ್ಬರ್ ಕೊಳವೆ ಹಲ್ಲಿನಲ್ಲಿ ಕಚ್ಚಿ, ಮೂಗಿನ ಕ್ಲಿಪ್ ಹಾಕಬೇಕು. ಉಸಿರು ಬಾಯಿಂದ ಮಾತ್ರ, ಗಾಳಿ ಇದ್ದಿಲಿನ ಡಬ್ಬಿಯ ಮೂಲಕ ಬರುತ್ತದೆ. ಗಾಜು ಮಂಜಾಗಿ ಗುರಿ ಕಾಣದು.

1917ರ ಜುಲೈಯಲ್ಲಿ ಬಂದ ಮಸ್ಟರ್ಡ್ ಅನಿಲಕ್ಕೆ ಇದೂ ಸಾಲಲಿಲ್ಲ. ಅದು ನಿಜದಲ್ಲಿ ಎಣ್ಣೆಯಂಥ ದ್ರವ. ನೆಲದಲ್ಲಿ ದಿನಗಟ್ಟಲೆ ಉಳಿದು, ಬಟ್ಟೆಗೆ ಹತ್ತಿ, ಕಂಕುಳು ತೊಡೆಸಂದಿಯಂಥ ಬೆವರುವ ಜಾಗದಲ್ಲಿ ಬೊಕ್ಕೆ ಎಬ್ಬಿಸುತ್ತಿತ್ತು. ಗಂಟೆಗಳ ನಂತರ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಬೆಳಗ್ಗೆ ಬೆಚ್ಚನೆಯ ಬಿಸಿಲಿಗೆ ಅದೇ ಜಾಗದಿಂದ ಮತ್ತೆ ಆವಿ ಏಳುತ್ತಿತ್ತು.

ಗಾಯಗೊಂಡವನು ಎಲ್ಲೆಲ್ಲಿ ಹೋಗುತ್ತಿದ್ದ?

ಮೊದಲು ಬೆಟಾಲಿಯನ್ನಿನದೇ ಡೋಲಿ ಹೊರುವವರು ಅವನನ್ನು ಬೆಟಾಲಿಯನ್ ವೈದ್ಯರ ನೆಲೆಗೆ ಒಯ್ಯುತ್ತಿದ್ದರು. ಅಲ್ಲಿ ಕಟ್ಟು. ಅಲ್ಲಿಂದ ಫೀಲ್ಡ್ ಆಂಬುಲೆನ್ಸಿನ ಡ್ರೆಸಿಂಗ್ ಸ್ಟೇಷನ್, ಆಮೇಲೆ ರೈಲುಹಾದಿಯ ಹತ್ತಿರದ ಕ್ಯಾಶುವಲ್ಟಿ ಕ್ಲಿಯರಿಂಗ್ ಸ್ಟೇಷನ್. ಶಸ್ತ್ರಚಿಕಿತ್ಸೆಯೂ ನರ್ಸುಗಳೂ ಅಲ್ಲಿ. ನಂತರ ರೈಲಿನಲ್ಲಿ ರೂಆನ್, ಎತಾಪ್ಲ್, ಬುಲೋನ್‌ನಂಥ ಹಿಂದಿನ ನೆಲೆಗಳ ಆಸ್ಪತ್ರೆಗಳಿಗೆ, ದೊಡ್ಡ ಗಾಯವಾದರೆ ಹಡಗಿನಲ್ಲಿ ಇಂಗ್ಲೆಂಡಿಗೆ. 1917ರ ಕೆಸರಿನಲ್ಲಿ ಒಂದು ಡೋಲಿಗೆ ನಾಲ್ವರ ಬದಲು ಆರು, ಎಂಟು ಜನ ಬೇಕಾಗುತ್ತಿತ್ತು. ಗಾಯಕ್ಕಿಂತ ಈ ವಿಳಂಬದಿಂದಲೇ ಸತ್ತವರಿದ್ದಾರೆ.

ಇಂಗ್ಲೆಂಡಿಗೆ ಕಳಿಸುವಷ್ಟು ದೊಡ್ಡ ಗಾಯವನ್ನು ಅವರು ‘ಬ್ಲೈಟಿ’ ಎನ್ನುತ್ತಿದ್ದರು. ಈ ಮಾತು ನಮಗೆ ಗೊತ್ತಿರುವುದೇ: ನಮ್ಮ ‘ವಿಲಾಯಿತಿ’, ಹಿಂದುಸ್ತಾನಿಯಲ್ಲಿ ‘ಬಿಲಾಯತಿ’ ಎಂದಾಗಿ, ಬ್ರಿಟಿಷ್ ಸಿಪಾಯಿಗಳ ಬಾಯಲ್ಲಿ ಬ್ಲೈಟಿ ಆಯಿತು. ಚೇತರಿಸಿಕೊಂಡವನು ಕಮಾಂಡ್ ಡಿಪೋದಲ್ಲಿ ಮೈ ಗಟ್ಟಿ ಮಾಡಿಕೊಂಡು ಮತ್ತೆ ಫ್ರಾನ್ಸಿಗೆ ಹೊರಡುತ್ತಿದ್ದ. ಹೆಸರಿನ ಮುಂದೆ ‘ವೇಮೌತ್’ (ಇಂಗ್ಲೆಂಡಿನ ಒಂದು ಊರು) ಎಂದಿದ್ದರೆ ಸಾಮಾನ್ಯವಾಗಿ ಊರಿಗೆ ಮರಳುವ ದಾರಿ ಎಂದರ್ಥ.

ಕಡತ ಎಲ್ಲಿ ಸಿಗುತ್ತದೆ? ಓದುವುದು ಹೇಗೆ?

ಆಸ್ಟ್ರೇಲಿಯದ ರಾಷ್ಟ್ರೀಯ ದಾಖಲೆಗಾರದ ‘ಬಿ2455’ ಸರಣಿಯಲ್ಲಿ ಒಬ್ಬೊಬ್ಬನ ಕಡತವೂ ಇದೆ. ಪೂರ್ತಿ ಸ್ಕ್ಯಾನ್ ಆಗಿದೆ, ಬೆಂಗಳೂರಿನಲ್ಲಿ ಕೂತೂ ಪುಕ್ಕಟೆಯಾಗಿ ಓದಬಹುದು.

ಮೊದಲ ಪುಟ ಸೇರ್ಪಡೆಯ ಅರ್ಜಿ: ಹುಟ್ಟೂರು, ಕಸುಬು, ಹತ್ತಿರದ ಬಂಧು. ಜೀವಾಳ ಇರುವುದು ‘ಬಿ103’ ನಮೂನೆಯಲ್ಲಿ. ಅದರ ಹೆಸರು ‘ಕ್ಯಾಶುವಲ್ಟಿ ಫಾರ್ಮ್’. ಹೆಸರು ನೋಡಿ ಗಾಯದ ಪಟ್ಟಿ ಎಂದುಕೊಳ್ಳಬೇಡಿ. ವರ್ಗ, ರಜೆ, ಆಸ್ಪತ್ರೆ, ಬಡ್ತಿ, ದಂಡ ಎಲ್ಲವೂ ಅದರಲ್ಲಿದೆ. ಅದರಲ್ಲಿ ಎರಡು ತಾರೀಖುಗಳಿರುತ್ತವೆ, ಒಂದು ವರದಿಯದು, ಇನ್ನೊಂದು ಘಟನೆಯದು. ಇವೆರಡರ ನಡುವೆ ವಾರಗಟ್ಟಲೆ ಅಂತರವಿರಬಹುದು. ಘಟನೆಯದನ್ನೇ ತೆಗೆದುಕೊಳ್ಳಿ. ಜಾಗದ ಕಡೆ ‘ಇನ್ ದಿ ಫೀಲ್ಡ್’ ಎಂದಷ್ಟೇ ಇದ್ದರೆ ರಣರಂಗದಲ್ಲಿ ಎಂದರ್ಥ, ಊರು ಸಿಗದು. ‘ಟಿ.ಓ.ಎಸ್.’ ಅಂದರೆ ತುಕಡಿಯ ಲೆಕ್ಕಕ್ಕೆ ಸೇರಿದ, ‘ಕೆ.ಐ.ಎ.’ ಕಾಳಗದಲ್ಲಿ ಸತ್ತ, ‘ಡಿ.ಓ.ಡಬ್ಲ್ಯು.’ ಗಾಯದಿಂದ ಸತ್ತ, ‘ಆರ್.ಟಿ.ಎ.’ ಆಸ್ಟ್ರೇಲಿಯಕ್ಕೆ ಮರಳಿದ. ‘ಜಿ.ಎಸ್.ಡಬ್ಲ್ಯು.’ ಎಂದರೆ ಗುಂಡೇಟು, ಆದರೆ ಶೆಲ್ ಚೂರು ಹೊಕ್ಕರೂ ಎಷ್ಟೋ ಸಲ ಹಾಗೆಯೇ ಬರೆದಿದ್ದಾರೆ. ಅವನನ್ನು ಬಂದೂಕುಧಾರಿ ಹೊಡೆದ ಎಂದು ಕಥೆ ಕಟ್ಟಬೇಡಿ.

ಈಗ ಘಟನೆಯ ತಾರೀಖು ಹಿಡಿದು ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್ಲಿನ ‘ಎ.ಡಬ್ಲ್ಯು.ಎಂ.4’ ಸರಣಿಯ ಯುದ್ಧ ದಿನಚರಿಗೆ ಹೋಗಿ. ಕಾಲಾಳು ಬೆಟಾಲಿಯನ್ನುಗಳು 23ನೇ ವಿಭಾಗದಲ್ಲಿವೆ. ಬೆಟಾಲಿಯನ್ ಸಂಖ್ಯೆಗೆ 17 ಕೂಡಿಸಿದರೆ ಉಪಸಂಖ್ಯೆ ಸಿಗುತ್ತದೆ: 1ನೆಯದು 23/18, 48ನೆಯದು 23/65. ಸಿಪಾಯಿಯ ಹೆಸರು ದಿನಚರಿಯಲ್ಲಿ ಇರುವುದು ಅಪರೂಪ. ಆದರೆ ಆ ದಿನ ಬೆಟಾಲಿಯನ್ ಎಲ್ಲಿತ್ತು, ಎಷ್ಟು ಜನ ಬಿದ್ದರು ಎಂಬುದು ಇರುತ್ತದೆ. ಕಡತದ ಒಂದು ಸಾಲು ಮತ್ತು ದಿನಚರಿಯ ಒಂದು ಪುಟ ಪಕ್ಕಪಕ್ಕ ಇಟ್ಟಾಗಲೇ ಮನುಷ್ಯ ಕಾಣತೊಡಗುತ್ತಾನೆ.

ದಿನಚರಿಯ ನಕ್ಷೆ ಗುರುತು ‘ಎಕ್ಸ್.5.ಬಿ.3.7’ ಎಂಬಂತಿರುತ್ತದೆ. ದೊಡ್ಡ ಅಕ್ಷರದ ಚೌಕದಲ್ಲಿ 5ನೇ ಸಣ್ಣ ಚೌಕ, ಅದರ ಪ್ರತಿ ಬದಿ 1,000 ಗಜ. ಅದನ್ನು ನಾಲ್ಕಾಗಿಸಿ ಎ, ಬಿ ಮೇಲೆ, ಸಿ, ಡಿ ಕೆಳಗೆ. ಆ 500 ಗಜದ ಕಾಲುಭಾಗದ ನೈಋತ್ಯ ಮೂಲೆಯಿಂದ ಪೂರ್ವಕ್ಕೆ ಹತ್ತರಲ್ಲಿ 3, ಉತ್ತರಕ್ಕೆ ಹತ್ತರಲ್ಲಿ 7. ಪೂರ್ವ ಮೊದಲು, ಉತ್ತರ ಆಮೇಲೆ. ತಿರುವುಮುರುವಾದರೆ ಶತ್ರುವಿನ ಕಂದಕದಲ್ಲಿ ನಿಲ್ಲುತ್ತೀರಿ.

‘ಎ.ಡಬ್ಲ್ಯು.ಎಲ್.’ ಎಂದು ನಾಲ್ಕು ಸಲ ಬಂದಿದೆ. ಹೇಡಿಯೆ?

ಹಾಗೆ ತೀರ್ಮಾನಿಸಬೇಡಿ. ಅದು ಅನುಮತಿಯಿಲ್ಲದ ಗೈರುಹಾಜರಿ. ಹೆಚ್ಚಾಗಿ ಇಂಗ್ಲೆಂಡಿನ ರಜೆಯಿಂದ ಒಂದೆರಡು ದಿನ ತಡವಾಗಿ ಬಂದದ್ದು, ದಂಡ ಸಂಬಳ ಕಡಿತ. ದಂಡ ತೆತ್ತವನೇ ಮುಂದಿನ ತಿಂಗಳು ಶೌರ್ಯಪದಕ ಪಡೆದ ಕಡತಗಳಿವೆ. ಓಡಿಹೋದದ್ದಕ್ಕೆ 100ಕ್ಕೂ ಹೆಚ್ಚು ಆಸ್ಟ್ರೇಲಿಯನ್ನರಿಗೆ ಮರಣದಂಡನೆ ಘೋಷಿತವಾಯಿತು. ಆದರೆ ಅವರ ದೇಶದ ಕಾನೂನು ಗವರ್ನರ್ ಜನರಲ್ ಒಪ್ಪಿಗೆಯಿಲ್ಲದೆ ಅದಕ್ಕೆ ಬಿಡಲಿಲ್ಲ. ಒಬ್ಬನನ್ನೂ ಗುಂಡಿಕ್ಕಲಿಲ್ಲ.

ಭಾರತೀಯರು ಇವರ ಜೊತೆ ಇದ್ದರೆ?

ಇದ್ದರು. ಗಲ್ಲಿಪೋಲಿಯ ಆಂಜಾಕ್ ತೀರದಲ್ಲಿ ಮೊದಲ ದಿನವೇ ಭಾರತೀಯ ಬೆಟ್ಟದ ಫಿರಂಗಿ ದಳ ಇಳಿಯಿತು. ನೀರು, ಮದ್ದುಗುಂಡು ಏರಿಸಿದ್ದು ಭಾರತೀಯ ಹೇಸರಗತ್ತೆ ದಳ. ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು. ಅವರು ಪ್ಯಾಲೆಸ್ಟೈನಿನಲ್ಲಿ ಆಸ್ಟ್ರೇಲಿಯದ ಹ್ಯಾರಿ ಶೋವೆಲ್ ಅವರ ಡೆಸರ್ಟ್ ಮೌಂಟೆಡ್ ಕೋರ್‌ನಲ್ಲಿದ್ದು 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದವರಲ್ಲಿ ಸೇರಿದ್ದಾರೆ. ಆ ಹೊತ್ತಿಗೆ ಆಸ್ಟ್ರೇಲಿಯನ್ ಕಾಲಾಳುಗಳು ಫ್ರಾನ್ಸಿನಲ್ಲಿದ್ದರು.

‘ಮಿಸ್ಸಿಂಗ್’ ಎಂದು ಬರೆದು ತಿಂಗಳುಗಳ ನಂತರ ‘ಕೆ.ಐ.ಎ.’ ಎಂದಿದೆ. ಏಕೆ?

ಶವ ಸಿಗದಿದ್ದರೆ ವಿಚಾರಣಾ ಮಂಡಳಿ ಕೂತು ತೀರ್ಮಾನಿಸಬೇಕಿತ್ತು. 1916ರ ಜುಲೈ 19ರ ರಾತ್ರಿ ಫ್ರಾನ್ಸಿನ ಫ್ರೊಮೆಲ್‌ನಲ್ಲಿ ಒಂದೇ ಡಿವಿಷನ್ 5,533 ಜನರನ್ನು ಸಾವು, ಗಾಯ, ಸೆರೆಗಳಲ್ಲಿ ಕಳೆದುಕೊಂಡಿತು. ಅವರಲ್ಲಿ ಎಷ್ಟೋ ಮಂದಿಯ ಮನೆಗಳು ವರ್ಷಗಟ್ಟಲೆ ಕಾದವು. ರೆಡ್ ಕ್ರಾಸ್‌ನ ‘ಗಾಯಾಳು ಮತ್ತು ಕಾಣೆಯಾದವರ’ ಕಡತಗಳಲ್ಲಿ ಜೊತೆಗಾರರ ಹೇಳಿಕೆಗಳಿವೆ. ಒಬ್ಬ ಕಂಡೆ ಎಂದದ್ದನ್ನು ಇನ್ನೊಬ್ಬ ಅಲ್ಲಗಳೆದಿರುತ್ತಾನೆ, ಎಲ್ಲವನ್ನೂ ಓದಿ. ಜರ್ಮನ್ನರು ಹೂತಿದ್ದ 250 ಶವಗಳನ್ನು 2009ರಲ್ಲಿ ಫ್ರೊಮೆಲ್‌ನ ಫೆಸೆಂಟ್ ವುಡ್ ಬಳಿ ಹೊರತೆಗೆದು, ಡಿಎನ್ಎ ಹೋಲಿಸಿ ಹಲವರಿಗೆ ಹೆಸರು ಮರಳಿಸಿದರು.

1916ರ ಕೊನೆಯಿಂದ ಒಬ್ಬೊಬ್ಬನ ಕೊರಳಲ್ಲೂ ಎರಡು ಬಿಲ್ಲೆ: ಎಂಟು ಮೂಲೆಯ ಹಸಿರು ಬಿಲ್ಲೆ ಶವದ ಜೊತೆ ಉಳಿಯಬೇಕು, ಗುಂಡನೆಯ ಕೆಂಪನ್ನು ವರದಿಗೆ ಒಯ್ಯಬೇಕು. ಅದಕ್ಕೆ ಮುಂಚೆ ಒಂದೇ ಇದ್ದುದರಿಂದ, ಅದನ್ನು ತೆಗೆದುಕೊಂಡು ಹೋದರೆ ಶವ ಅನಾಮಧೇಯವಾಗುತ್ತಿತ್ತು.

ಕಡತದ ಕೊನೆಯ ಪುಟಗಳಲ್ಲಿ ಏನಿರುತ್ತದೆ?

ಬದುಕಿ ಬಂದವನಾದರೆ 1919ರ ಹಡಗಿನ ಹೆಸರು, ಬಿಡುಗಡೆಯ ತಾರೀಖು, ಪದಕಗಳ ಲೆಕ್ಕ. ಹೆಚ್ಚು ಕಾಲ ಸೇವೆ ಮಾಡಿದವರನ್ನು ಮೊದಲು ಕಳಿಸುವುದು ನಿಯಮವಾಗಿತ್ತು. ಹಡಗಿಲ್ಲದೆ ಎಷ್ಟೋ ಮಂದಿ ತಿಂಗಳುಗಟ್ಟಲೆ ಕಾದರು.

ಸತ್ತವನಾದರೆ ಅವನ ಸಾಮಾನಿನ ಪಟ್ಟಿ: ಕಾಗದಗಳು, ಫೋಟೋ, ಪಾಕೀಟು, ಬಿಲ್ಲೆ, ಪ್ರಾರ್ಥನಾ ಪುಸ್ತಕ. ಅದು ಯಾವ ಹಡಗಿನಲ್ಲಿ ಬಂತು ಎಂಬುದೂ ಇರುತ್ತದೆ. ಇನ್ನೂ ಬಂದಿಲ್ಲ, ಗಡಿಯಾರ ಇರಬೇಕಿತ್ತು, ಸ್ವಲ್ಪ ನೋಡಿ ಎಂದು ಮನೆಯವರು ಬರೆದ ಕಾಗದಗಳೂ ಎಷ್ಟೋ ಕಡತಗಳಲ್ಲಿವೆ. ಆಮೇಲೆ ಸಮಾಧಿಯ ಫೋಟೋ, ಕಂಚಿನ ಫಲಕ, ಸ್ಮರಣಪತ್ರ ಒಂದೊಂದಕ್ಕೂ ಒಂದು ರಸೀದಿ, ಪ್ರತಿಯೊಂದರ ಕೆಳಗೂ ತಂದೆಯದೋ ತಾಯಿಯದೋ ಸಹಿ.